ಹೆಂಡತಿಯ ಸೋದರತ್ತೆಗೆ ಬುರುಡೆ ಬಿಟ್ಟಿದ್ದು

ರಾಯದುರ್ಗದಲ್ಲಿ ನಾನು ಜೀನ್ಸ್ ಪ್ಯಾಂಟಿನ ಬಟ್ಟೆ ಕತ್ತರಿಸುವ ಮಾಸ್ಟರ್. ಕರೆಂಟ್ ಹೋದರೆ ಮಿಷನ್ನುಗಳು ನಿಲ್ಲುತ್ತವೆ, ನಾವು ನಾಲ್ಕು ಜನ ಕಟಿಂಗ್ ಟೇಬಲ್ಲಿನ ಮೇಲೆ ಇಸ್ಪೀಟು ಹರಡಿಕೊಂಡು ಮೂರೆಲೆ ಆಟಕ್ಕೆ ಕೂರುತ್ತೇವೆ. ಪಣಕ್ಕೆ ಪ್ಯಾಂಟಿನ ಗುಂಡಿಗಳು. ಹತ್ತು ವರ್ಷದ ಈ ಅಭ್ಯಾಸದಿಂದ ನನಗೆ ಒಂದು ವಿಷಯದಲ್ಲಿ ವಿಪರೀತ ಜಂಬ ಬಂದಿತ್ತು. ಕೈಯಲ್ಲಿ ಮೂರು ಕಾಸಿನ ಎಲೆ ಇಲ್ಲದಿದ್ದರೂ ಬುರುಡೆ ಬಿಟ್ಟು, ಎದುರಿನವರು ತಮ್ಮ ಒಳ್ಳೆಯ ಎಲೆಯನ್ನು ಕೆಳಗಿಡುವಂತೆ ಮಾಡುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಅಂದುಕೊಂಡಿದ್ದೆ. ಪರಿಚಯವಿಲ್ಲದವರು ಆಟಕ್ಕೆ ಬಂದರೆ ಮಾತ್ರ ಆತುರಪಡುತ್ತಿರಲಿಲ್ಲ. ಮೊದಲ ಹತ್ತು ಆಟ ಸುಮ್ಮನೆ ಸೋಲುತ್ತಾ ಅವರ ಕೈ ನೋಡುತ್ತಿದ್ದೆ. ಮುಖವನ್ನು ಎಲ್ಲರೂ ಕಾಪಾಡಿಕೊಳ್ಳುತ್ತಾರೆ, ಕೈಯನ್ನು ಮರೆಯುತ್ತಾರೆ.

ಈ ವಿದ್ಯೆ ನನಗೆ ನಿಜವಾಗಿ ಬೇಕಾಗಿ ಬಂದದ್ದು ಹೋದ ಯುಗಾದಿಯ ಮಾರನೆಯ ದಿನ, ಹೊಸತೊಡಕಿನಂದು, ರೊಳ್ಳದ ಹತ್ತಿರ ಇರುವ ನನ್ನ ಮಾವನ ಮನೆಯಲ್ಲಿ. ಎದುರಿಗೆ ಕೂತಿದ್ದವರು ಮಾವನ ಅಕ್ಕ, ಅಂದರೆ ನನ್ನ ಹೆಂಡತಿಯ ಸೋದರತ್ತೆ. ಎರಡು ವರ್ಷದ ಅಳಿಯ ನಾನು. ಆಕೆಯನ್ನು ಕಣ್ಣಾರೆ ಕಂಡದ್ದು ಅವತ್ತೇ ಮೊದಲು.

ನನ್ನ ಹೆಂಡತಿ ಚಿಕ್ಕವಳಿದ್ದಾಗಲೇ ತಾಯಿ ತೀರಿಕೊಂಡಿದ್ದರು. ಜಡೆ ಹಾಕಿ, ಮುದ್ದೆ ತಿನ್ನಿಸಿ, ಶಾಲೆಗೆ ಕಳಿಸಿ ಬೆಳೆಸಿದ್ದು ಈ ಅತ್ತೆಯೇ. ಆಕೆಗೆ ಹುಡುಗಿಯನ್ನು ತನ್ನ ಮಗನಿಗೇ ತಂದುಕೊಳ್ಳುವ ಆಸೆ. ನಡುವೆ ರಾಯದುರ್ಗದಿಂದ ನಾನು ವಕ್ಕರಿಸಿದೆ. ಮಗ ಬೇರೆ ಕಡೆ ಮದುವೆಯಾಗಿ ನೆಮ್ಮದಿಯಾಗಿದ್ದಾನೆ, ನನ್ನನ್ನು ಕಂಡರೆ ಹೆಗಲ ಮೇಲೆ ಕೈ ಹಾಕುತ್ತಾನೆ. ಆದರೆ ತಾಯಿ ನಮ್ಮ ಮದುವೆಗೆ ಬರಲಿಲ್ಲ. ಆಕೆಯ ಮನೆ ಮಾವನ ಮನೆಯಿಂದ ಎರಡೇ ಬೀದಿ ಆಚೆ. ಬೈಸಿಕೊಳ್ಳುವ ಭಯಕ್ಕೆ ನಾನೂ ಆ ಕಡೆ ತಲೆ ಹಾಕಲಿಲ್ಲ.

ಆಗ ಹೆಂಡತಿ ಆರು ತಿಂಗಳ ಬಸುರಿ. ಮರುತಿಂಗಳು ರಾಯದುರ್ಗದ ನಮ್ಮ ಮನೆಯಲ್ಲಿ ಸೀಮಂತವಿತ್ತು. ಹೂವಿನ ಚಿತ್ರವಿರುವ ಕರೆಯೋಲೆಯನ್ನು ಅತ್ತೆಯ ಮಗನ ವಾಟ್ಸಾಪಿಗೆ ಕಳಿಸಿದ್ದೆ. ಉತ್ತರವಿಲ್ಲ. ಹೆಂಡತಿ ಮೂರು ದಿನದಿಂದ ಒಂದೇ ಮಾತು ಹಿಡಿದಿದ್ದಳು: “ಅತ್ತೆ ಬಂದು ಬಳೆ ತೊಡಿಸ್ದಿದ್ರೆ ನಂಗೆ ಸೀಮಂತಾನೇ ಬ್ಯಾಡ.”

ಮಾವನ ಮನೆಯಲ್ಲಿ ಹೊಸತೊಡಕಿನ ದಿನ ಬಾಡೂಟ ಮುಗಿಸಿ ಇಸ್ಪೀಟಿಗೆ ಕೂರುವುದು ವಾಡಿಕೆ. ಹೆಂಗಸರು ಗಂಡಸರು ಎಲ್ಲ ಆಡುತ್ತಾರೆ. ಕೊನೆಯ ಆಟ ಗೆದ್ದವರು ಸೋತವರಿಂದ ಏನಾದರೂ ಒಂದು ಕೇಳಬಹುದು, ಸೋತವರು ಇಲ್ಲ ಅನ್ನುವಂತಿಲ್ಲ. ಅವತ್ತು ಇಲ್ಲ ಅಂದರೆ ವರ್ಷವಿಡೀ ಇಲ್ಲವೇ ಆಗುತ್ತದೆ ಎಂದು ನಂಬಿಕೆ. ಅದಕ್ಕೇ ನಾನು ಬೆಳಿಗ್ಗೆಯೇ ತೀರ್ಮಾನಿಸಿದ್ದೆ. ಆಕೆಯನ್ನು ಗೆಲ್ಲುತ್ತೇನೆ, ಸೀಮಂತಕ್ಕೆ ಬರಬೇಕೆಂದು ಕೇಳುತ್ತೇನೆ. ಬೇಡಿಕೊಳ್ಳುವ ಕಷ್ಟವೇ ಇಲ್ಲ.

ಜಗಲಿಯ ಮೇಲೆ ಚಾಪೆ ಹಾಸಿದರು. ಪಣಕ್ಕೆ ಮಾವ ಬಿತ್ತನೆಗೆ ಇಟ್ಟಿದ್ದ ಚೀಲದಿಂದ ಎರಡು ಮೊರ ಕಡಲೆಕಾಯಿ ತೆಗೆದರು. “ಶೇಂಗಾ ಭಾಳ ಛಲೋ ಅದಾವ್ರಿ,” ಎಂದು ನಾನು ಮಾತು ಎಳೆದೆ. ಅತ್ತೆ ನನ್ನ ಕಡೆ ನೋಡಲಿಲ್ಲ. “ಬೀಜದ ಕಾಯಲ್ಲಿ ಜೂಜಾಡ್ತಾನೆ, ಬುದ್ಧಿ ಇಲ್ಲ ಇವ್ನಿಗೆ,” ಎಂದು ತಮ್ಮನನ್ನು ಬೈದು ತಮ್ಮ ಪಾಲಿನ ಕಾಯಿ ಎಳೆದುಕೊಂಡರು.

ನಾನು ನನ್ನ ಪದ್ಧತಿಯಂತೆ ಸೋಲುತ್ತಾ ಕೈ ನೋಡಿದೆ. ಆಕೆ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಎರಡು ಗುಡ್ಡೆ ಮಾಡುತ್ತಿದ್ದರು, ಬಲಗಡೆ ಗಟ್ಟಿ ಕಾಯಿ, ಎಡಗಡೆ ಜೊಳ್ಳು. ಆರೇಳು ಆಟ ಆಗುವಷ್ಟರಲ್ಲಿ ನನಗೆ ಗುಟ್ಟು ಸಿಕ್ಕಿತು. ಒಳ್ಳೆಯ ಎಲೆ ಬಂದಾಗ ಗಟ್ಟಿ ಕಾಯಿ ಕಟ್ಟುತ್ತಾರೆ, ಹೇಗೂ ವಾಪಸ್ ಬರುತ್ತದಲ್ಲ. ಎಲೆ ಕೆಟ್ಟದ್ದಿದ್ದರೆ ಜೊಳ್ಳು. ರೈತರ ಮನೆ ಹೆಂಗಸಿಗೆ ಬಿತ್ತುವ ಬೀಜ ಕಳೆಯಲು ಮನಸ್ಸು ಬಾರದು. ಎರಡು ಸಲ ಆಕೆ ಜೊಳ್ಳು ಕಟ್ಟಿದಾಗ ನಾನು ಜಾಸ್ತಿ ಕಟ್ಟಿ ನೋಡಿದೆ. ಎರಡು ಸಲವೂ ಎಲೆ ಕೆಳಗಿಟ್ಟರು. ನನ್ನ ಖುಷಿಗೆ ಪಾರವಿಲ್ಲ.

ಕೊನೆಯ ಆಟ ಬಂತು. ಮಾವ ಎಲೆ ನೋಡಿದವರೇ ಕೈಬಿಟ್ಟರು. ನನಗೆ ಬಂದದ್ದು ಹತ್ತು, ಏಳು, ನಾಲ್ಕು, ಅದೂ ಬೇರೆ ಬೇರೆ ಬಣ್ಣ. ಇಂಥ ಎಲೆ ಹಿಡಿದು ನಮ್ಮ ಕಟಿಂಗ್ ಟೇಬಲ್ಲಿನಲ್ಲಿ ಯಾರೂ ಕೂರುವುದಿಲ್ಲ. ಅತ್ತೆ ಎಡಗೈಯಿಂದ ಒಂದು ಹಿಡಿ ಕಾಯಿ ನೂಕಿದರು. ಎಲ್ಲ ಜೊಳ್ಳು. ಪಕ್ಕದಲ್ಲಿ ಹೆಂಡತಿ ನನ್ನ ಎಲೆ ಇಣುಕಿ ನೋಡಿ ಉಸಿರು ಬಿಟ್ಟಳು. ನಾನು ಅವಳ ಕಡೆ ತಿರುಗದೆ ನನ್ನ ಹತ್ತಿರ ಇದ್ದ ಅಷ್ಟೂ ಕಾಯಿಯನ್ನು ಎರಡೂ ಕೈಯಿಂದ ಮುಂದಕ್ಕೆ ತಳ್ಳಿದೆ. ಮೀಸೆಯ ಮೇಲೆ ಬೆರಳಾಡಿಸಿದೆ.

ಅತ್ತೆ ಮೊದಲ ಸಲ ನನ್ನ ಮುಖ ನೋಡಿದರು. ತಮ್ಮ ಎಲೆಯನ್ನು ಇನ್ನೊಂದು ಸಲ ನೋಡಲೂ ಇಲ್ಲ.

“ಶೋ ಮಾಡಪ್ಪ,” ಎಂದರು.

ಅವರದು ಒಂಬತ್ತರ ಜೋಡಿ. ನನ್ನ ಹತ್ತು, ಏಳು, ನಾಲ್ಕು ನೋಡಿ ಜಗಲಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ಬಾಯಿ ತಡೆಯದೆ ಕೇಳಿಯೇಬಿಟ್ಟೆ: “ಮತ್ತ ಜೊಳ್ಳು ಯಾಕ ಕಟ್ಟಿದ್ರಿ?”

“ಒಳ್ಳೇವ್ನ ಆಗ್ಲೇ ಸೆರಗಿಗೆ ಕಟ್ಕಂಡಿದ್ನಲ್ಲಪ್ಪ, ಬಿತ್ತಕ್ಕೆ ಬ್ಯಾಡ್ವ? ಉಳಿದಿದ್ದೇ ಜೊಳ್ಳು,” ಎಂದು ಸೆರಗಿನ ಗಂಟು ತೋರಿಸಿದರು. ಇಡೀ ಮಧ್ಯಾಹ್ನ ಆಕೆ ತಮ್ಮನ ಬೀಜ ಉಳಿಸುತ್ತಿದ್ದರು, ನಾನು ಮಾತ್ರ ಇಸ್ಪೀಟು ಆಡುತ್ತಿದ್ದೆ.

ಈಗ ಕೇಳುವ ಹಕ್ಕು ಆಕೆಯದು. ಸೀಮಂತದ ಮಾತು ನನ್ನ ಹತ್ತಿರ ಎತ್ತಬೇಡ ಎಂದುಬಿಟ್ಟರೆ ಏನು ಗತಿ ಎಂದು ನನಗೆ ಬೆವರು ಕಿತ್ತಿತು. ಹೆಂಡತಿ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದಳು.

“ನಾಳೆ ಇವಳ್ನ ಕರ್ಕಂಡು ನಮ್ಮನೆಗೆ ಬಾ,” ಎಂದರು ಅತ್ತೆ. “ಕುಂಕುಮ ಇಟ್ಟು ಬಾಯಿ ಬಿಟ್ಟು ಕರಿ. ಮದ್ವೆ ಆಗಿ ಎರಡು ವರ್ಸ ಆತು, ನಮ್ಮ ಹೊಸಿಲು ತುಳ್ದಿಲ್ಲ ನೀನು. ವರಸೇಲಿ ನಾನು ನಿಂಗೆ ದೊಡ್ಡಮ್ಮ ಆಗ್ಬೇಕು. ತಾಯಿ ಸಮಾನ ಆಗೋಳ್ನ ಫೋನಾಗೆ ಕರೀತಾರಾ?”

ನಾಚಿಕೆಯಿಂದ ನನ್ನ ತಲೆ ತಗ್ಗಿತು. ಸಿಟ್ಟಿನವರು ಎಂದು ಎರಡು ವರ್ಷ ಹೆದರಿ ದೂರ ಇದ್ದವನು ನಾನು. ಆಕೆ ನಮ್ಮನ್ನು ಕಾಯುತ್ತಿದ್ದರು, ಅಷ್ಟೇ.

ಮಾರನೆಯ ಬೆಳಿಗ್ಗೆ ಇಬ್ಬರೂ ಹೋದೆವು. ಬಾಗಿಲಲ್ಲಿ ಹೆಂಡತಿ ಕುಂಕುಮ ಇಟ್ಟಳು. ನಾನು ಕಾಲು ಮುಟ್ಟಿ, “ದೊಡ್ಡಮ್ಮ, ಸೀಮಂತಕ್ಕ ನೀವು ಬರಬೇಕ್ರಿ,” ಎಂದೆ. ಎಷ್ಟು ಸುಲಭದ ಮಾತು! ಆಕೆ ಒಳಗೆ ಹೋಗಿ ಪೆಟ್ಟಿಗೆಯಿಂದ ಒಂದು ಪೊಟ್ಟಣ ತಂದರು. ಎರಡು ಡಜನ್ ಹಸಿರು ಗಾಜಿನ ಬಳೆ.

“ಸೀಮಂತಕ್ಕೆ ಬ್ಯಾರೆ ತತ್ತೀನಿ. ಇವು ಮದ್ವೇಗೆ ಅಂತ ಮಡಕಸಿರಾದಾಗೆ ತಂದಿದ್ದು. ಮದ್ವೆ ಮುಗುಸ್ಕಂಡು ಆರತಿ ಎತ್ತಿಸ್ಕಳಕ್ಕೆ ಬತ್ತೀರಿ, ಆವಾಗ ತೊಡಸಾನ ಅಂತ ಇಟ್ಟಿದ್ದೆ.”

ಬಸುರಿಯ ಕೈ ಊದಿಕೊಂಡಿತ್ತು, ಮೊದಲ ಬಳೆಯೇ ಗೆಣ್ಣಿನ ಹತ್ತಿರ ನಿಂತಿತು. ಅತ್ತೆ ಬಚ್ಚಲಿನಿಂದ ಸೋಪು ತಂದು ಅವಳ ಕೈಗೆ ನೊರೆ ಹಚ್ಚಿ, ಬೆರಳು ಕೂಡಿಸಿ ಒತ್ತಿ, “ಅಲ್ಲಾಡ್ಬ್ಯಾಡ ಕಣೇ, ಚಿಕ್ಕೋಳಿದ್ದಾಗ್ಲೂ ಹಿಂಗೇ ಅಲ್ಲಾಡ್ತಿದ್ದೆ,” ಎಂದು ಬೈಯುತ್ತಾ ಒಂದೊಂದೇ ಏರಿಸಿದರು. ಅವಳು ಅಳುತ್ತಾ ನಗುತ್ತಾ ಕೈ ಕೊಟ್ಟುಕೊಂಡು ಕೂತಿದ್ದಳು. ಒಂದೂ ಒಡೆಯಲಿಲ್ಲ.