ಕಂಬದ ಪಕ್ಕದ ಮನುಷ್ಯ

ಗೆಳೆಯರೇ, ಇವತ್ತು ಬಾಗಲಕೋಟೆಯ ನವನಗರದ ಇಂಟರ್ನೆಟ್ ಅಂಗಡಿಯಲ್ಲಿ ನಡೆದದ್ದನ್ನು ನಿಮಗೆ ಹೇಳಲೇಬೇಕು.

ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಮತದಾರರ ಗುರುತಿನ ಚೀಟಿಯ ಫೋಟೋ ಒಂದೇ ಉಳಿದಿದೆ. ಅದು ತಾವೇ ಎಂದು ಅಪ್ಪನೇ ಒಪ್ಪುತ್ತಿರಲಿಲ್ಲ. ಅವರ ಮುಖ ನನಗೆ ಮರೆತುಹೋಗುತ್ತಿದೆ ಎಂಬ ಭಯ. ಹರೆಯದಲ್ಲಿ ಅವರು ಬಾದಾಮಿ ಗುಹೆಗಳಲ್ಲಿ ಕೂಲಿ ಮಾಡುತ್ತಿದ್ದರು. ಫೋಟೋ ತೆಗೆಯುವವರು ಕಂಬದ ಎತ್ತರ ತಿಳಿಯಲೆಂದು ಅವರನ್ನು ಪಕ್ಕದಲ್ಲಿ ನಿಲ್ಲಿಸುತ್ತಿದ್ದರಂತೆ. ಅಂಥ ಹಳೆಯ ಚಿತ್ರಗಳು ಡಿಜಿಟಲ್ ಗ್ರಂಥಾಲಯವೊಂದರಲ್ಲಿವೆ ಎಂದು ಕೇಳಿ ಹೋಗಿದ್ದೆ. ಅಂಗಡಿಯವರಿಗೆ ಅಪ್ಪನ ವಿಷಯ ಹೇಳಲಿಲ್ಲ.

ಬಾಗಲಕೋಟೆ ಜಿಲ್ಲೆ ಎಂದು ಹುಡುಕಿದರೆ ಏನೂ ಸಿಗಲಿಲ್ಲ.

"ಅಕ್ಕಾರ, ಆವಾಗ ನಮ್ದು ಬಿಜಾಪುರ ಜಿಲ್ಲಾ ಇತ್ತಲ್ರಿ. ಹಂಗ ಹೊಡೀರಿ," ಎಂದರು ಅಂಗಡಿಯವರು.

ನಾಲ್ಕನೆಯ ಚಿತ್ರ ಮೇಲಿನಿಂದ ಇಂಚಿಂಚಾಗಿ ತೆರೆಯಿತು. ಮೊದಲು ಛಾವಣಿ, ಆಮೇಲೆ ಕಂಬದ ಕೆತ್ತನೆ, ಆಮೇಲೆ ತಲೆಗೆ ಸುತ್ತಿದ ಒಂದು ಪಟಕಾ. ಅದರ ಕೆಳಗೆ ಬೇರೆ ಯಾರದೋ ಮುಖ ಬಂದರೆ? ಅದಕ್ಕಿಂತ, ಅಪ್ಪನ ಮುಖವೇ ಬಂದು ನನಗೆ ಗುರುತು ಸಿಗದಿದ್ದರೆ? ಕಣ್ಣು ಮುಚ್ಚಿಕೊಂಡೆ.

"ಪೂರ್ತಿ ಬಂತ್ರಿ, ನೋಡ್ರಿ."

ಅಪ್ಪನೇ. ಬಿಸಿಲಿಗೆ ಒಂದು ಕಣ್ಣು ಕಿರಿದು ಮಾಡಿ ನಿಂತಿದ್ದರು, ಕೊನೆಯವರೆಗೂ ಮಾಡುತ್ತಿದ್ದ ಹಾಗೆಯೇ.

ಅಂಗಡಿಯವರು ಪ್ರಿಂಟ್ ತೆಗೆಯುವ ಮುನ್ನ ಕೇಳಿದರು: "ಕಂಬ ಭಾಳ ಛಲೋ ಐತ್ರಿ. ಈ ಮನಶ್ಯಾ ಸುಮ್ನ ಅಡ್ಡ ನಿಂತಾನ. ಕತ್ತರಿಸಿ ಬಿಡ್ಲೇನ್ರಿ?"

"ಕಂಬಾ ಕತ್ತರಿಸ್ರಿ," ಎಂದೆ.

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಕಂಬವನ್ನು ಬಾದಾಮಿ ಬಸ್ಸು ಹತ್ತಿ ಯಾವಾಗ ಬೇಕಾದರೂ ನೋಡಿಬರಬಹುದು.