ನಾಲ್ಕು ಮಲ್ಟಾರ್ವಿ ಹೆಗಲು

ಐರ್ಲೆಂಡಿನ ಪಶ್ಚಿಮದ ಅಂಚಿನಲ್ಲಿರುವ ನಮ್ಮ ಕಿಲ್ಟೂರಿಯಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೆ ಅದು ಒಬ್ಬ ಗಿಬ್ಬನ್ಸ್‌ಗೆ ತಾಗುತ್ತದೆ, ಅವನಿಗೆ ತಪ್ಪಿದರೆ ಒಬ್ಬ ಮೊರಾನ್‌ಗೆ. ಊರನ್ನೆಲ್ಲ ಈ ಎರಡು ಮನೆತನಗಳೇ ಹಂಚಿಕೊಂಡಿವೆ. ಹಾಗಾಗಿ ಬರೀ ಹೆಸರು ಹೇಳಿದರೆ ಯಾರೆಂದು ಗೊತ್ತಾಗುವುದಿಲ್ಲ. ಅಪ್ಪನ ಹೆಸರೋ, ಕೂದಲ ಬಣ್ಣವೋ, ಅಜ್ಜ ಕುಡಿದು ಬಿದ್ದ ಹಳ್ಳವೋ ಬಾಲಂಗೋಚಿಯಾಗಿ ಅಂಟಿಕೊಳ್ಳಬೇಕು. ಮಲ್ಟಾರ್ವಿ ಅನ್ನುವ ಹೆಸರಿಗೆ ಮಾತ್ರ ಅದು ಬೇಕಿರಲಿಲ್ಲ. ಇಡೀ ದೇಶದಲ್ಲಿ ಆ ಹೆಸರಿನ ಮನೆ ಉಳಿದಿದ್ದದ್ದು ಒಂದೇ, ಮನೆಯಲ್ಲಿ ಇದ್ದವರು ಇಬ್ಬರೇ: ಫೆಸ್ಟಸ್ ಮಲ್ಟಾರ್ವಿ ಮತ್ತು ಅವನ ತಂಗಿ ಸಬೀನಾ. ಇಬ್ಬರಿಗೂ ಮದುವೆಯಾಗಿರಲಿಲ್ಲ.

ಫೆಸ್ಟಸ್ ಸರ್ಕಾರಿ ರಸ್ತೆಕೆಲಸದವನು. ನಲವತ್ತು ವರ್ಷ ಅದೇ ಹನ್ನೊಂದು ಮೈಲಿ ರಸ್ತೆಯ ಗುಂಡಿಗಳನ್ನು ಮುಚ್ಚಿದ, ಮಳೆ ಅದೇ ಗುಂಡಿಗಳನ್ನು ಮತ್ತೆ ತೆರೆಯಿತು. ಗಿಡ್ಡ ಆಳು, ಮಾತು ಕಡಿಮೆ. ಆದರೆ ಹೆಸರಿನ ವಿಷಯ ಎತ್ತಿದರೆ ಮುಗಿಯಿತು, ಕೈಯಲ್ಲಿದ್ದ ಬಿಯರಿನ ನೊರೆಯೆಲ್ಲ ಇಳಿದುಹೋಗುವವರೆಗೆ ಎದುರಿಗಿದ್ದವನನ್ನು ಬಿಡುತ್ತಿರಲಿಲ್ಲ. ಸಾವಿರ ವರ್ಷದ ಹಿಂದೆ ಕಡಲಂಚಿನ ಪುಟ್ಟ ಚರ್ಚಿನಲ್ಲಿ ಟಾರ್ವಿ ಅನ್ನುವ ಸಂತನಿದ್ದನಂತೆ. ತಲೆ ಬೋಳಿಸಿಕೊಂಡು ಅವನ ಸೇವೆಗೆ ನಿಂತವನೇ ಮಲ್ಟಾರ್ವಿಗಳ ಮೂಲಪುರುಷ. ಸಂತ ಸತ್ತ ಮೇಲೆ ಅವನ ಕೈಗಂಟೆಯನ್ನು ಕಾಯುವ ಹಕ್ಕು ಆ ವಂಶದ್ದೇ ಆಯಿತು. ಆ ಗಂಟೆ ಮುಟ್ಟಿ ಸುಳ್ಳಾಣೆ ಮಾಡಿದವನ ಬಾಯಿ ಸೊಟ್ಟಗಾಗುತ್ತಿತ್ತಂತೆ.

"ಈಗ ಎಲ್ಲಪ್ಪಾ ಆ ಗಂಟೆ?" ಎಂದು ಯಾರಾದರೂ ಕೇಳಿದರೆ ಸಬೀನಾ ಮೂಲೆಯಿಂದಲೇ ಹೇಳುತ್ತಿದ್ದಳು, "ಸಾವಿರ ವರ್ಷ ಅದೊಂದೇ ಕೆಲ್ಸ ಇದ್ದಿದ್ದು ನಮ್ಮೋರಿಗೆ. ಅದನ್ನೂ ಕಳ್ಕೊಂಡ್ರು."

ಫೆಸ್ಟಸ್ ನಗುತ್ತಿರಲಿಲ್ಲ. ಅವನಿಗೆ ಹೆಸರು ತಮಾಷೆಯ ವಿಷಯವಾಗಿರಲಿಲ್ಲ.

ನಮ್ಮ ಕಡೆ ಒಂದು ಪದ್ಧತಿ ಇದೆ. ಶವಪೆಟ್ಟಿಗೆ ಮನೆಯ ಹೊಸಿಲು ದಾಟುವಾಗ ಮೊದಲ ಹೆಗಲು ಕೊಡುವವರು ಸತ್ತವರ ಮನೆತನದ ಹೆಸರಿನವರೇ ಆದ ನಾಲ್ಕು ಗಂಡಸರು. ಮದುವೆಯಾಗಿ ಬೇರೆ ಮನೆ ಸೇರಿದ ಹೆಂಗಸಾದರೂ ಕೊನೆಗೆ ಅವಳನ್ನು ಎತ್ತುವವರು ತವರಿನ ಹೆಸರಿನವರೇ. ಆಮೇಲೆ ದಾರಿಯಲ್ಲಿ ಯಾರು ಬೇಕಾದರೂ ಹೆಗಲು ಬದಲಿಸಲಿ, ಅಡ್ಡಿಯಿಲ್ಲ. ಗಿಬ್ಬನ್ಸ್‌ಗಳಲ್ಲಿ ಯಾರಾದರೂ ಸತ್ತರೆ ನಾನು ಮುಂದೆ, ತಾನು ಮುಂದೆ ಎಂದು ಅಂಗಳದಲ್ಲೇ ಜಗಳ ಆಗುತ್ತದೆ, ಅಷ್ಟು ಹೆಗಲುಗಳು.

೧೯೫೧ರಲ್ಲಿ ಫೆಸ್ಟಸ್‌ನ ಚಿಕ್ಕಪ್ಪ ಮಲಕಿ ತೀರಿಕೊಂಡಾಗ ಮಲ್ಟಾರ್ವಿಗಳಲ್ಲಿ ಉಳಿದಿದ್ದದ್ದು ಮೂವರು ಗಂಡಸರು: ಫೆಸ್ಟಸ್, ಅವನ ಅಣ್ಣ ಕೋಲ್ಮನ್, ಮಲಕಿಯ ಮಗ ಮಾರ್ಕ್. ನಾಲ್ಕನೆಯ ಮೂಲೆ ಖಾಲಿ. ಆಗ ಗೋಡೆಯಾಚೆ ಮನೆಯ ಆಸ್ಟಿನ್ ಗಿಬ್ಬನ್ಸ್ ಟೋಪಿ ತೆಗೆದು ಆ ಮೂಲೆಗೆ ಬಂದು ನಿಂತ. ಅವನ ಅಜ್ಜಿ ಮಲ್ಟಾರ್ವಿ ಮನೆಯ ಹುಡುಗಿ. ಅದಲ್ಲದೆ ಎರಡು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ಸಬೀನಾಳ ಜೊತೆ ಚಹಾ ಕುಡಿಯಲು ಬರುತ್ತಿದ್ದವನು. ಅವನಿಗೆ ಮೂವತ್ತೊಂಬತ್ತು, ಅವಳಿಗೆ ಮೂವತ್ತೇಳು. ನಮ್ಮ ಕಡೆ ಮದುವೆಗೆ ಅದು ಎಳೆಯ ಪ್ರಾಯವೇ.

"ಇಳಿಸು ಹೆಗಲು," ಎಂದ ಫೆಸ್ಟಸ್, ಊರೆಲ್ಲ ಕೇಳುವ ಹಾಗೆ.

"ನನ್ನಜ್ಜಿ ಈ ಮನೆಯವಳು ಕಣೋ ಫೆಸ್ಟಸ್."

"ಹೆಸರು ಬಿಟ್ಟು ಹೋದವಳು ನಿನ್ನಜ್ಜಿ. ಈ ಜಾಗ ಹೆಸರಿಗೆ ಸೇರಿದ್ದು. ನಿನ್ನ ಹೆಸರೇನು?"

ಆಸ್ಟಿನ್ ಸತ್ತವನ ಎದುರು ಜಗಳ ಬೇಡವೆಂದು ಟೋಪಿ ಹಾಕಿಕೊಂಡು ಹೊರಟುಹೋದ. ಮೂವರೇ ಎತ್ತಿದರು. ಮಲಕಿ ವಾಲಿಕೊಂಡೇ ಹೊಸಿಲು ದಾಟಿದ. ಮುಂದಿನ ಭಾನುವಾರ ಚಹಾಕ್ಕೆ ಯಾರೂ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಬರಲಿಲ್ಲ. ಒಂದು ಸಾಯಂಕಾಲ ಬಟ್ಟಲು ತೊಳೆಯುತ್ತಾ ಸಬೀನಾ ಕೇಳಿದಳು, "ಚಿಕ್ಕಪ್ಪನಿಗೆ ಮೂರು ಜನ ಸಿಕ್ಕಿದ್ರು. ನನ್ನ ಸರದಿಗೆ ಎಷ್ಟು ಜನ ಉಳಿದಿರ್ತಾರೋ?"

ಅದು ಚುಚ್ಚುಮಾತು. ಯಾವ ದಡ್ಡನಿಗಾದರೂ ತಿಳಿಯಬೇಕಿತ್ತು. ಫೆಸ್ಟಸ್‌ಗೆ ತಿಳಿಯಲಿಲ್ಲ. "ನಾಲ್ಕು ಜನ," ಎಂದ ಗಂಭೀರವಾಗಿ. "ನಾಲ್ಕೂ ಮಲ್ಟಾರ್ವಿಗಳೇ. ನಾನು ಮಾತು ಕೊಡ್ತೀನಿ."

ಸಬೀನಾ ಕೈ ಒರೆಸಿಕೊಂಡು, ಬಟ್ಟೆಯನ್ನು ಒಲೆಯ ಮೇಲಿನ ಮೊಳೆಗೆ ನೇತುಹಾಕಿದಳು. ಆ ವಿಷಯ ಮತ್ತೆ ಎತ್ತಲಿಲ್ಲ.

ಅದೇ ವರ್ಷ ಅಣ್ಣನೂ ಮಾರ್ಕನೂ ಕೆಲಸ ಹುಡುಕಿಕೊಂಡು ಇಂಗ್ಲೆಂಡಿನ ಓಲ್ಡಂಗೆ ಹೋದರು. ಮುಂದೆ ಅಲ್ಲೇ ಮಾರ್ಕ್ ಮಕ್ಕಳಿಲ್ಲದೆ ಸತ್ತ. ಕೋಲ್ಮನ್ ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ಸತ್ತ, ಅವರು ಮದುವೆಯಾಗಿ ಹೆಸರು ಬದಲಿಸಿಕೊಂಡರು. ಫೆಸ್ಟಸ್ ಅವರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅಣ್ಣ, ಮಾರ್ಕ್ ಊರು ಬಿಟ್ಟ ದಿನವೇ, ಊರಲ್ಲಿ ಹೆಗಲು ಮುಗಿದವು, ಇನ್ನು ಲೋಕದಲ್ಲಿ ಹುಡುಕಬೇಕು ಎಂದುಕೊಂಡ. ಶಾಲೆಯವರು ಎಸೆಯಲಿದ್ದ ಹಳೆಯ ಭೂಪಟವನ್ನು ತಂದು ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದು ಹಾಕಿದ. ಅಂಚೆ ಕಚೇರಿಯ ನೋನಿ ಮೊರಾನ್ ಎಲ್ಲೆಲ್ಲಿಂದಲೋ ಹಳೆಯ ಟೆಲಿಫೋನ್ ಪುಸ್ತಕಗಳನ್ನು ತರಿಸಿಕೊಟ್ಟಳು. ಬೆರಳಿಗೆ ಉಗುಳು ಹಚ್ಚಿಕೊಂಡು ಒಂದೊಂದು ಹಾಳೆ ತಿರುವಿದ.

ಹೆಸರು ಹೋದ ದಾರಿ ನಿಧಾನವಾಗಿ ಕಂಡಿತು. ಮೀನಿನ ಹಿಂದೆ ಹೋದವರು ನ್ಯೂಫೌಂಡ್ಲೆಂಡಿನ ಒಂದು ಕೊಲ್ಲಿಯಲ್ಲಿ ಉಳಿದಿದ್ದರು. ಚಿನ್ನದ ಹಿಂದೆ ಹೋದವರು ನ್ಯೂಜಿಲೆಂಡಿನ ಹೊಕಿಟಿಕದಲ್ಲಿ ಕುರಿ ಮೇಯಿಸುತ್ತಿದ್ದರು. ತಾಮ್ರದ ಗಣಿಗೆ ಹೋದವರು ಅಮೆರಿಕದ ಬ್ಯೂಟ್‌ನಲ್ಲಿ ಕೆಮ್ಮುತ್ತಿದ್ದರು. ಎಲ್ಲ ಸೇರಿ ಐವತ್ತೆಂಟು ಜನ. ಎಲ್ಲರಿಗೂ ಕಾಗದ ಬರೆದ. ಒಂಬತ್ತು ಮಂದಿ ಉತ್ತರಿಸಿದರು, ಬಿಡದೆ ಬರೆದವರು ಮೂವರು: ಮೀನಿನ ಕ್ಲೆಮೆಂಟ್, ಕುರಿಯ ಆಂಬ್ರೋಸ್, ಗಣಿಯ ಲಿಯೋ. ಮೂವರ ಜೊತೆ ತಾನು ಸೇರಿದರೆ ನಾಲ್ಕು. ಫೆಸ್ಟಸ್ ಕೆಂಪು ಶಾಯಿಯಲ್ಲಿ ವಂಶವೃಕ್ಷ ಬರೆದು ಮೂವರಿಗೂ ಕಳಿಸಿದ. ಕಾಗದದ ಮೇಲೆ ನಾಲ್ಕು ಹೆಗಲು ಸಿದ್ಧವಾದವು.

ಆದರೆ ಹೆಗಲು ಕೊಡುತ್ತೀರಾ ಎಂದು ಅವರನ್ನು ಒಮ್ಮೆಯೂ ಕೇಳಲಿಲ್ಲ. ಬದುಕಿರುವವರ ಪೆಟ್ಟಿಗೆಗೆ ಜನ ಗೊತ್ತುಮಾಡುವುದು ಸಾವನ್ನು ಬಾಗಿಲಿಗೆ ಕರೆದ ಹಾಗೆ. ಅದಕ್ಕೇ ಗಂಟೆಯ ವಿಷಯ ಬರೆದ, ಸಂತನ ವಿಷಯ ಬರೆದ, ಯಾರ ತಾತ ಯಾವ ಹಡಗು ಹತ್ತಿದ ಎಂದು ಬರೆದ. ಇಪ್ಪತ್ತಾರು ವರ್ಷ ಹೀಗೇ ಬರೆದ.

ಸಾಯಂಕಾಲ ಅವನು ಮೇಜಿನ ಹತ್ತಿರ, ಅವಳು ಒಲೆಯ ಹತ್ತಿರ. ನಡುವೆ ಎಂಟು ಅಡಿ ನೆಲ.

"ಇವತ್ತು ಯಾರಿಗೆ?" ಎಂದು ಸಬೀನಾ ಕೇಳುವಳು.

"ಲಿಯೋಗೆ."

"ಏನಂತೆ ಅವನಿಗೆ?"

"ಕೆಮ್ಮು ಜಾಸ್ತಿಯಾಗಿದೆಯಂತೆ."

"ಜೇನುತುಪ್ಪ ನೆಕ್ಕೋಕೆ ಹೇಳು. ಸಬೀನಾ ವಿಚಾರಿಸಿದಳು ಅಂತ ಬರಿ."

"ಹ್ಞೂಂ."

ಹ್ಞೂಂ ಎನ್ನುವನು, ಬರೆಯುವುದಿಲ್ಲ. ಮರೆವೆಂದೇ ಇಟ್ಟುಕೊಳ್ಳೋಣ, ಆದರೆ ಇಪ್ಪತ್ತಾರು ವರ್ಷ ಮರೆಯುವುದಕ್ಕೂ ಒಂದು ಕಲ್ಲುಮನಸ್ಸು ಬೇಕು. ಅವನು ಪೆನ್ನು ಮುಚ್ಚುವ ಹೊತ್ತಿಗೆ ಅವಳು ಕುರ್ಚಿಯಲ್ಲೇ ತೂಕಡಿಸಿರುತ್ತಿದ್ದಳು. ಇನ್ನೊಂದು ಸಂಗತಿಯೂ ಅವನಿಗೆ ಕಾಣಲಿಲ್ಲ. ದಿನಾ ಬೆಳಿಗ್ಗೆ ಹನ್ನೊಂದು ಗಂಟೆಗೆ ಆಸ್ಟಿನ್ ಗಿಬ್ಬನ್ಸ್ ನಾಯಿಯೊಂದಿಗೆ ರಸ್ತೆಯಲ್ಲಿ ಹೋಗುವಾಗ ಸಬೀನಾ ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಗೆ ಬರುತ್ತಿದ್ದಳು. ಊರಿಗೆಲ್ಲ ಗೊತ್ತಿದ್ದ ಈ ಮಾತು ಗೊತ್ತಿಲ್ಲದಿದ್ದದ್ದು ಆ ಮನೆಯ ಯಜಮಾನನಿಗೆ ಮಾತ್ರ. ಆಸ್ಟಿನ್‌ಗೂ ಮದುವೆಯಾಗಲಿಲ್ಲ. ಎರಡು ಮನೆಗಳ ನಡುವಿನ ಕಲ್ಲುಗೋಡೆ ಕುಸಿದಾಗ ಫೆಸ್ಟಸ್ ಸೋಮವಾರ ನಾಲ್ಕು ಕಲ್ಲು ಜೋಡಿಸುವನು, ಆಸ್ಟಿನ್ ಬುಧವಾರ ನಾಲ್ಕು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

೧೯೭೭ರ ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ ಕೋಳಿಗಳಿಗೆ ಕಾಳು ಹಾಕಲು ಹೋದ ಸಬೀನಾ ಒಳಗೆ ಬರಲಿಲ್ಲ. ಫೆಸ್ಟಸ್ ಹೋಗಿ ನೋಡಿದಾಗ ಅಂಗಳದಲ್ಲಿ ಬಿದ್ದಿದ್ದಳು, ಕೋಳಿಗಳು ಅವಳ ಸುತ್ತಲೇ ಮೇಯುತ್ತಿದ್ದವು. ಪಾದ್ರಿ ಬಂದು ಹೋದ ಮೇಲೆ ಅವನು ನೇರ ಅಂಚೆ ಕಚೇರಿಗೆ ಹೋಗಿ ಮೂರು ತಂತಿ ಬರೆದುಕೊಟ್ಟ. ಮೂರರಲ್ಲೂ ಒಂದೇ ಮಾತು: ಸಬೀನಾ ತೀರಿಕೊಂಡಳು. ಗುರುವಾರ ಮಣ್ಣು. ಹೆಗಲು ಬೇಕು. ಬನ್ನಿ.

ನೋನಿ ಓದಿ ಕನ್ನಡಕ ತೆಗೆದಳು. "ಎರಡು ದಿನದಲ್ಲಿ ನ್ಯೂಜಿಲೆಂಡಿನಿಂದ ಯಾರು ಬರ್ತಾರೆ ಪುಣ್ಯಾತ್ಮ?"

"ಕಳಿಸು ನೋನಿ."

"ಇಲ್ಲೇ ಇದ್ದಾರಲ್ಲೋ ಜನ."

"ಕಳಿಸು ಅಂದೆ."

ಎರಡು ದಿನ ಊರಿಗೆ ಊರೇ ಆ ಮನೆಗೆ ಬಂತು. ಸಾವಿನ ಮನೆಯ ಪದ್ಧತಿಯಂತೆ ಗಡಿಯಾರ ನಿಲ್ಲಿಸಿದ್ದರು. ಹೆಂಗಸರು ಬ್ರೆಡ್ಡು ಕೊಯ್ದು ಚಹಾ ಕೊಟ್ಟರು, ಗಂಡಸರು ಗೋಡೆಗೆ ಒರಗಿ ಹೊಗೆ ಸೇದಿದರು. ಬಾರದಿದ್ದವನು ಆಸ್ಟಿನ್ ಒಬ್ಬನೇ. ಹೆಗಲಿನ ಮಾತು ಯಾರೂ ಎತ್ತಲಿಲ್ಲ. ೧೯೫೧ರಲ್ಲಿ ಅಂಗಳದಲ್ಲಿ ನಿಂತು ಕೇಳಿಸಿಕೊಂಡವರು ಇನ್ನೂ ಬದುಕಿದ್ದರು. ಅಂಥ ಜಗಳ ಮೈಮೇಲೆ ಹಾಕಿಕೊಳ್ಳುವ ಆಸೆ ಯಾರಿಗೂ ಇರಲಿಲ್ಲ.

ಬುಧವಾರ ಕ್ಲೆಮೆಂಟ್‌ನ ಉತ್ತರ ಬಂತು: ಬೆನ್ನು ನೋವು, ಕ್ಷಮಿಸಿ, ಪ್ರಾರ್ಥಿಸುತ್ತೇವೆ. ಆಂಬ್ರೋಸ್ ಉತ್ತರಿಸಲೇ ಇಲ್ಲ. ಗುರುವಾರ ಬೆಳಿಗ್ಗೆ, ಪೆಟ್ಟಿಗೆಯ ಮುಚ್ಚಳ ಹಾಕಲು ಒಂದು ಗಂಟೆಯಷ್ಟೇ ಇದ್ದಾಗ, ನೋನಿ ಖುದ್ದಾಗಿ ಬಂದು ಬ್ಯೂಟ್‌ನ ತಂತಿಯನ್ನು ಅವನ ಕೈಗಿಟ್ಟಳು. ಅವಳ ಮುಖ ಸರಿಯಿರಲಿಲ್ಲ. ಲಿಯೋ ಬರೆದಿದ್ದ: ದುಃಖವಾಯಿತು. ಸಬೀನಾ ಯಾರು? ನೀವು ಕಳಿಸಿದ ವೃಕ್ಷದಲ್ಲಿ ಹುಡುಕಿದೆ. ಸಿಗಲಿಲ್ಲ.

ಫೆಸ್ಟಸ್ ಎರಡು ಸಲ ಓದಿದ. ಮೇಜಿನ ಡ್ರಾಯರಿನಿಂದ ವಂಶವೃಕ್ಷದ ಮೂಲಪ್ರತಿ ತೆಗೆದ. ಕೆಂಪು ಶಾಯಿ, ತನ್ನದೇ ದುಂಡು ಅಕ್ಷರ. ಅಪ್ಪನ ಹೆಸರಿನ ಕೆಳಗೆ ಎರಡು ಕೊಂಬೆ: ಕೋಲ್ಮನ್, ಫೆಸ್ಟಸ್. ಮೂರನೆಯದು ಇರಲಿಲ್ಲ. ಹೆಸರು ಮುಂದುವರಿಸುವವರನ್ನು ಮಾತ್ರ ಬರೆಯುತ್ತೇನೆ ಎಂದು ಇಪ್ಪತ್ತಾರು ವರ್ಷದ ಹಿಂದೆ ತಾನೇ ತೀರ್ಮಾನಿಸಿದ್ದು ನೆನಪಾಯಿತು. ಆಗ ಅವಳು ಇದೇ ಕೋಣೆಯಲ್ಲಿ, ಎಂಟು ಅಡಿ ಆಚೆ ಕುಳಿತು ಅವನ ಕಾಲುಚೀಲ ಹೊಲಿಯುತ್ತಿದ್ದಳು. ಅವನಿಗೆ ನಾಚಿಕೆಯಾಯಿತು. ಎಂಥ ನಾಚಿಕೆಯೆಂದರೆ, ಪೆಟ್ಟಿಗೆಯ ಕಡೆ ತಿರುಗಿ ನೋಡಲೂ ಆಗಲಿಲ್ಲ.

ಎದ್ದು ಟೋಪಿ ತೆಗೆದುಕೊಂಡು ಹೊರಗೆ ನಡೆದ. ಅಂಗಳದಲ್ಲಿದ್ದವರು ದಾರಿ ಬಿಟ್ಟರು. ಗೋಡೆ ಕುಸಿದಿದ್ದ ಜಾಗದಲ್ಲಿ ಕಾಲೆತ್ತಿ ದಾಟಿ, ಆಸ್ಟಿನ್‌ನ ಬಾಗಿಲು ತಳ್ಳಿದ. ಆಸ್ಟಿನ್ ಕ್ಷೌರ ಮಾಡಿಕೊಂಡು, ಕಪ್ಪು ಸೂಟು ತೊಟ್ಟು, ಮಂಡಿಯ ಮೇಲೆ ಟೋಪಿ ಇಟ್ಟುಕೊಂಡು ಮೇಜಿನ ಮುಂದೆ ಕುಳಿತಿದ್ದ. ಎಷ್ಟು ಹೊತ್ತಿನಿಂದ ಕುಳಿತಿದ್ದನೋ, ಅವನ ಒಲೆ ಆರಿತ್ತು.

"ಆಸ್ಟಿನ್."

"ಹ್ಞೂಂ."

"ಮೂರು ಜನ ಬೇಕು."

"ನಿನ್ನ ಹೆಸರಿನೋರು ಬರಲಿಲ್ವಾ?"

"ಬರಲಿಲ್ಲ. ಅವಳು ಯಾರು ಅಂತಾನೇ ಗೊತ್ತಿಲ್ಲ ಅವರಿಗೆ. ನಾನು ಹೇಳಿರಲೇ ಇಲ್ಲ."

"ಅವಳು ಯಾರು ಅಂತ ನನಗೆ ಗೊತ್ತಿತ್ತು," ಎಂದ ಆಸ್ಟಿನ್.

ನಾಯಿ ಎದ್ದು ಫೆಸ್ಟಸ್‌ನ ಬೂಟು ಮೂಸಿತು.

"ನನ್ನ ಹೆಸರು ಗಿಬ್ಬನ್ಸ್. ಆವತ್ತು ನೀನೇ ಕೇಳಿದ್ದೆ, ನಾನು ಹೇಳದೆ ಹೋದೆ."

"ಕೇಳಿದ್ದೆ. ತಪ್ಪು ಮಾಡಿದೆ."

"ಇಪ್ಪತ್ತಾರು ವರ್ಷ ಆಯ್ತಲ್ಲೋ, ಹಾಳಾದೋನೇ!" ಎಂದ ಆಸ್ಟಿನ್. ಆಮೇಲೆ ಟೋಪಿ ಎತ್ತಿಕೊಂಡು ಎದ್ದ. "ನಮ್ಮಣ್ಣನ ಮಕ್ಕಳಿಬ್ಬರನ್ನ ಕರ್ಕೊಂಡು ಬರ್ತೀನಿ. ಅದೇ ಅಜ್ಜಿಯ ರಕ್ತ ಅವರದ್ದೂ. ಮುಂದೆ ಹೊರೋ ಜೋಡಿ ಯಾರು?"

"ನಾನು, ನೀನು."

ನಮ್ಮ ಕಡೆ ಪೆಟ್ಟಿಗೆ ಹೊರುವಾಗ ಎದುರು ಬದುರು ಇರುವ ಇಬ್ಬರು ಅದರ ಕೆಳಗೆ ಒಬ್ಬರ ಹೆಗಲ ಮೇಲೆ ಒಬ್ಬರು ತೋಳು ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಹಿಡಿತ ಸಿಗುವುದಿಲ್ಲ. ಮಾತು ಬಿಟ್ಟಿದ್ದ ಇಬ್ಬರು ಮುದುಕರು ಹಾಗೇ ತೋಳು ಹಾಕಿಕೊಂಡರು. ಆಸ್ಟಿನ್ ಒಂದು ಗೇಣು ಎತ್ತರ. ಸಬೀನಾ ವಾಲಬಾರದೆಂದು ಅವನು ಮಂಡಿ ಬಗ್ಗಿಸಿ ನಡೆದ, ಹೊಸಿಲಿನಿಂದ ಗೇಟಿನವರೆಗೂ. ನಿಮ್ಮಲ್ಲಿ ಯಾರಾದರೂ ಅರವತ್ತೈದರ ಮಂಡಿಯನ್ನು ಹಾಗೆ ಬಗ್ಗಿಸಿ ನೋಡಿ.

ಗೇಟಿನ ಹತ್ತಿರ ಆಸ್ಟಿನ್ ಮೆಲ್ಲಗೆ ಕೇಳಿದ, "ನನ್ನ ವಿಷಯ ಏನಾದ್ರೂ ಅಂತಿದ್ಳಾ?"

ಫೆಸ್ಟಸ್ ನೆನಪು ಕೆದಕಿದ. ಲಿಯೋನ ತಾತ ಯಾವ ಸುರಂಗದಲ್ಲಿ ಸತ್ತನೆಂದು ಗೊತ್ತಿತ್ತು. ಆಂಬ್ರೋಸ್‌ನ ಟಗರಿನ ಹೆಸರು ಗೊತ್ತಿತ್ತು.

"ನಾನು ಕೇಳಿಸ್ಕೊಳ್ಳಲಿಲ್ಲ ಆಸ್ಟಿನ್," ಎಂದ.

ಆಸ್ಟಿನ್‌ನ ತೋಳು ಇದ್ದಲ್ಲೇ ಇತ್ತು.

ಭಾನುವಾರ ಪೂಜೆ ಮುಗಿಸಿ ಬಂದು ಫೆಸ್ಟಸ್ ಲಿಯೋಗೆ ಉತ್ತರ ಬರೆಯಲು ಕುಳಿತ. ವೃಕ್ಷದಲ್ಲಿ ಮೂರನೆಯ ಕೊಂಬೆ ಎಳೆದಿದ್ದ, ಆ ಶಾಯಿ ಇನ್ನೂ ಹೊಸದು. ಮನೆಯಲ್ಲಿ ಯಾರಿಗೆ ಬರೆಯುತ್ತಿದ್ದೀಯೆಂದು ಕೇಳುವವರಿಲ್ಲ. ಸಬೀನಾ ನನ್ನ ತಂಗಿ, ಎಂದು ಬರೆದ. ಅದು ಮೊದಲ ಸಾಲು. ಎರಡನೆಯ ಸಾಲಿಗೆ ಪೆನ್ನು ಹಿಡಿದು ಕುಳಿತ. ಅವಳಿಗೆ ಯಾವ ಹಾಡು ಇಷ್ಟ, ಯಾವುದಕ್ಕೆ ನಗುತ್ತಿದ್ದಳು, ಯಾವುದಕ್ಕೆ ಹೆದರುತ್ತಿದ್ದಳು, ಒಂದೂ ಬರಲಿಲ್ಲ. ಮಧ್ಯಾಹ್ನ ಮೂರಾಯಿತು. ಶಾಯಿ ನಿಬ್ಬಿನಲ್ಲೇ ಒಣಗಿತು.

ಕಾಗದವನ್ನು ಮಡಚಿ ಜೇಬಿಗಿಟ್ಟು, ಪೆನ್ನು ತೆಗೆದುಕೊಂಡು, ಕುಸಿದ ಗೋಡೆ ದಾಟಿ ಹೋದ. ಆಸ್ಟಿನ್ ಚಹಾ ಕುಡಿಯುತ್ತಿದ್ದ. ಫೆಸ್ಟಸ್ ಎದುರಿನ ಕುರ್ಚಿಯಲ್ಲಿ ಕುಳಿತು ಕಾಗದ ಬಿಚ್ಚಿದ.

"ಹೇಳು," ಎಂದ. "ನನ್ನ ತಂಗಿ ಎಂಥವಳಾಗಿದ್ದಳು?"