ಕಮಾಂಡರರ ತಗಡಿನ ವಿಮಾನಗಳು

ಮೊನ್ನೆ ಬೈಕಂಪಾಡಿಯ ನನ್ನ ವರ್ಕ್‌ಶಾಪಿನಲ್ಲಿ ಒಂದು ಬೋಟಿನ ವಿಂಚಿಗೆ ಬೂದು ಬಣ್ಣ ಹೊಡೆಯುತ್ತಿದ್ದರು. ಮೀನಿನ ಬಲೆ ಎಳೆಯುವ ಯಂತ್ರಕ್ಕೆ ಜನ ನೀಲಿ ಕೇಳುತ್ತಾರೆ, ಹಸಿರು ಕೇಳುತ್ತಾರೆ, ಬೂದು ಕೇಳುವವರು ಕಡಿಮೆ. ಈ ಗಿರಾಕಿಗೆ ಎಂತ ಹೊಳೆಯಿತೋ! ಆ ಬಣ್ಣಕ್ಕೆ ಬೆರೆಸಿದ ಥಿನ್ನರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಪಕ್ಕದ ಮನೆಯ ಕಮಾಂಡರು ಎದುರಿಗೆ ಬಂದು ನಿಂತ ಹಾಗಾಯಿತು. ಅವರು ತೀರಿಕೊಂಡು ಕೆಲವು ವರ್ಷವೇ ಆಯಿತು...

ಬಿಕರ್ನಕಟ್ಟೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಕಂಪೌಂಡು ಗೋಡೆ. ನೌಕಾಪಡೆಯಲ್ಲಿ ಹಡಗಿನ ಮೇಲಿಂದ ಯುದ್ಧವಿಮಾನ ಹಾರಿಸಿದವರು, ನಿವೃತ್ತರಾಗಿ ಊರು ಸೇರಿದ್ದರು. ಮೊದಮೊದಲು ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ನನ್ನ ಪಿಕಪ್ ಗೇಟಿನ ಎದುರು ಒಂದು ಗೇಣು ಆಚೀಚೆ ನಿಂತರೂ ಬಂದು ಬೆಲ್ ಒತ್ತುವರು. "ಆಂಬುಲೆನ್ಸ್ ಬಂದರೆ ಹೇಗೆ ತಿರುಗಿಸುವುದು ಮಾರಾಯ್ರೆ?" ಅನ್ನುವರು. ಯಾರಿಗೆ ಹುಷಾರಿಲ್ಲ ಎಂದು ನಾನು ಗಾಬರಿಯಿಂದ ಕೇಳಿದರೆ, "ಈಗ ಯಾರಿಗೂ ಅಲ್ಲ" ಎಂದು ಹೇಳಿ ಹೋಗಿಬಿಡುವರು. ಮಂಡೆಬಿಸಿ ಮಾಡುವ ಜನ ಅಂತ ಹೆಂಡತಿಯ ಹತ್ತಿರ ನಾನು ಬೈದದ್ದಕ್ಕೆ ಲೆಕ್ಕವಿಲ್ಲ.

ಅಂಥವರು ಒಂದು ದಿನ ಕಾಗದದ ಸುರುಳಿ ಹಿಡಿದುಕೊಂಡು ವರ್ಕ್‌ಶಾಪಿಗೇ ಬಂದರು. ಬಿಡಿಸಿದರೆ ಒಂದು ಹಡಗಿನ ಮೇಲ್ಭಾಗದ ಚಿತ್ರ, ಜೊತೆಗೆ ಎರಡು ನಮೂನೆಯ ವಿಮಾನಗಳ ಚಿತ್ರ. ಒಂದು ದೊಡ್ಡದು, ಒಂದು ಸ್ವಲ್ಪ ಸಣ್ಣದು. ಇದೇ ಅಳತೆಗೆ ತಗಡಿನಲ್ಲಿ ಕತ್ತರಿಸಿ ಬೂದು ಬಣ್ಣ ಹೊಡೆದು ಕೊಡಬೇಕಂತೆ. ದೇಶಕ್ಕೆ ಮುಂದೊಂದು ವಿಮಾನವಾಹಕ ಹಡಗು ಕಟ್ಟುವ ಯೋಚನೆ ಇತ್ತು. ಅದಕ್ಕೆ ಯಾವ ವಿಮಾನ ಆಗಬಹುದು ಅಂತ ಕೆಲವು ಹಳೆಯ ಪೈಲಟುಗಳ ಅಭಿಪ್ರಾಯವನ್ನೂ ನೌಕಾಪಡೆಯವರು ಕೇಳಿದ್ದರು. ಇವರು ಅವರಲ್ಲೊಬ್ಬರು. ಗುಟ್ಟಿನದ್ದು ಇದರಲ್ಲಿ ಎಂತದ್ದೂ ಇಲ್ಲ, ಪತ್ರಿಕೆಯಲ್ಲಿ ಬಂದ ಅಳತೆಗಳೇ ಎಂದರು.

"ಹಡಗೇ ಇಲ್ಲ, ವಿಮಾನದ ಗಡಿಬಿಡಿ ಎಂತಕ್ಕೆ?" ಅಂದೆ.

"ಎಂಜಿನ್ ಯಾವುದು ಅಂತ ಗೊತ್ತಿಲ್ಲದೆ ನಿಮ್ಮವರು ಬೋಟು ಕಟ್ತಾರಾ?" ಅಂದರು. ನಾನು ತಗಡು ತೆಗೆದೆ.

ಅವರ ಜಗಲಿಯ ಊಟದ ಮೇಜೇ ಹಡಗಾಯಿತು. ನಿಜವಾದ ಹಡಗಿನಲ್ಲೂ ಹೀಗೇ ಒಂದು ಮೇಜು ಇರುತ್ತದಂತೆ. ಯಾವ ವಿಮಾನ ಎಲ್ಲಿ ನಿಂತಿದೆ, ಯಾವುದನ್ನು ಎಲ್ಲಿಗೆ ಸರಿಸಬೇಕು ಅಂತ ಅದರ ಮೇಲೆ ಸಣ್ಣ ಸಣ್ಣ ತುಂಡುಗಳನ್ನಿಟ್ಟೇ ನೋಡುವುದಂತೆ. ವರ್ಕ್‌ಶಾಪ್ ಮುಚ್ಚಿ ಬಂದ ನನ್ನನ್ನು ಸಂಜೆ ಹಿಡಿದು ಕೂರಿಸುವರು. ನಾನು ಒಂದೊಂದೇ ವಿಮಾನವನ್ನು ಸಾಲಾಗಿ ನಿಲ್ಲಿಸುವುದು, ಅವರು ಒಂದನ್ನು ತೆಗೆದು ಇಳಿಯುವ ಪಟ್ಟಿಯ ಮೇಲೆ ಅಡ್ಡ ಇಡುವುದು.

"ಟಯರ್ ಒಡೆದಿದೆ. ಇನ್ನೂ ಇಳಿಯಬೇಕಾದವರು ಮೇಲೆ ಇದ್ದಾರೆ. ಎಣ್ಣೆ ಮುಗೀತಾ ಉಂಟು. ಇದನ್ನು ಎಲ್ಲಿಗೆ ನೂಕ್ತೀರಿ?"

ಸಣ್ಣ ನಮೂನೆಯದ್ದಾದರೆ ಹೇಗೋ ಒಂದು ಮೂಲೆ ಸಿಗುತ್ತಿತ್ತು. ದೊಡ್ಡದಾದರೆ ನಾನು ಎಷ್ಟು ತಿಣುಕಿದರೂ ಜಾಗವಿಲ್ಲ. ಹಾರುವುದರಲ್ಲಿ ದೊಡ್ಡದೇ ಮೇಲು, ದೂರ ಹೋಗುತ್ತದೆ, ಹೆಚ್ಚು ಹೊರುತ್ತದೆ ಅಂತ ಅವರೇ ಹೊಗಳುತ್ತಿದ್ದರು. ಹೊಗಳಿ ಮತ್ತೆ ಅದನ್ನೇ ಅಡ್ಡ ಇಡುತ್ತಿದ್ದರು. ನಾನು ಸಿಟ್ಟಿನಿಂದ ಇದೆಂತ ಆಟ ಅಂದರೆ ನಗುತ್ತಲೂ ಇರಲಿಲ್ಲ.

ಅದು ಆಟ ಅಲ್ಲ ಅಂತ ನನಗೆ ಹೇಳಿದವರು ಅವರ ಹೆಂಡತಿ ಬಾಯಮ್ಮ. ಒಂದು ಸಂಜೆ ಕಮಾಂಡರು ಸ್ನಾನಕ್ಕೆ ಹೋಗಿದ್ದಾಗ ಚಹಾ ಇಟ್ಟು ಅಲ್ಲೇ ನಿಂತರು. ಪ್ರಾಯದಲ್ಲಿ ಇವರೂ ಇವರ ಗೋವಾದ ಗೆಳೆಯನೂ ಸಮುದ್ರದ ಮೇಲೆ ಹಾರಾಟ ಮುಗಿಸಿ ಮರಳುವಾಗ, ಮುಂಚೆ ಇಳಿದ ವಿಮಾನದ ಟಯರ್ ಒಡೆದು ಪಟ್ಟಿಯ ಮೇಲೆ ಅಡ್ಡ ನಿಂತಿತ್ತಂತೆ. ಹಡಗಿನ ಮೇಲೆ ವಿಮಾನಗಳು ತುಂಬಿದ್ದವು, ಎಳೆದು ಹಾಕಲು ಜಾಗ ಮಾಡುವುದರಲ್ಲೇ ಹೊತ್ತು ಹೋಯಿತು. ಮೇಲೆ ಸುತ್ತುತ್ತಿದ್ದ ಇಬ್ಬರಿಗೂ ಎಣ್ಣೆ ಮುಗಿಯುತ್ತಾ ಬಂತು. ಮೊದಲು ಇಳಿಯುವ ಸರದಿ ಗೆಳೆಯನದ್ದು. ಆದರೆ ಆ ಗೆಳೆಯ, ನನ್ನಲ್ಲಿ ಇನ್ನೂ ಎಣ್ಣೆ ಉಂಟು, ನೀನು ಇಳಿ ಎಂದರಂತೆ.

"ಇರಲಿಲ್ಲ" ಅಂದರು ಬಾಯಮ್ಮ. "ಇವರು ಇಳಿದರು, ಅವರು ಪ್ಯಾರಾಚೂಟಿನಲ್ಲಿ ಸಮುದ್ರಕ್ಕೆ ಹಾರಬೇಕಾಯಿತು. ಬೆನ್ನುಮೂಳೆ ಹೋಯಿತು. ಮತ್ತೆ ವಿಮಾನ ಹತ್ತಲೇ ಇಲ್ಲ. ನಮ್ಮ ಮದುವೆಯಲ್ಲಿ ಇವರ ಪಕ್ಕ ದೆಡೊ ಆಗಿ, ಮದುಮಗನ ಜೊತೆಗಾರನಾಗಿ ನಿಂತವರು ಅವರೇ. ಈಗ ಆ ದೊಡ್ಡ ವಿಮಾನದ ಕಂಪನಿಗೆ ಸಲಹೆ ಕೊಡ್ತಾರೆ. ಈ ಮನುಷ್ಯ ಎಂತ ಬರೀತಾರೋ ಅಂತ ನನಗೆ ಹೆದರಿಕೆ."

ಸ್ವಲ್ಪ ದಿನದಲ್ಲೇ ಆ ಗೆಳೆಯ ಬಂದರು. ಕೋಲು ಊರಿಕೊಂಡು ನಡೆದರೂ ಮನೆಯಿಡೀ ಕೇಳುವ ಹಾಗೆ ನಗುವ ಮನುಷ್ಯ. ಕೆಟ್ಟವರಲ್ಲ. ತನ್ನ ಕಂಪನಿಯ ವಿಮಾನವೇ ಒಳ್ಳೆಯದು ಅಂತ ಅವರು ನಂಬಿದ್ದು ಮನಸಾರೆ. ನನಗೂ ಊಟಕ್ಕೆ ಕರೆ ಇತ್ತು. ಬಾಯಮ್ಮ ಅಂಜಲ್ ಫ್ರೈ ಮಾಡಿದ್ದರು. ಊಟಕ್ಕೆ ಮೊದಲು ಗೆಳೆಯನೇ ಖುಷಿಯಿಂದ ದೊಡ್ಡ ವಿಮಾನಗಳನ್ನು ಮೇಜಿನ ಮೇಲೆ ಜೋಡಿಸಿದರು. ಕಮಾಂಡರು ಒಂದನ್ನು ತೆಗೆದು ಪಟ್ಟಿಯ ಮೇಲೆ ಅಡ್ಡ ಇಟ್ಟರು.

"ಮೇಲೆ ನಾವಿಬ್ಬರು ಇದ್ದೇವೆ. ಎಲ್ಲಿಗೆ ನೂಕ್ತೀ?"

ಕೊಂಕಣಿಯಲ್ಲೇ ಮಾತಾಡಿದರು, ನನಗೆ ಅರ್ಥವಾಗುವಷ್ಟು ಬರುತ್ತದೆ. ಗೆಳೆಯ ಬಹಳ ಹೊತ್ತು ನೋಡಿದರು. ಒಂದನ್ನು ಸರಿಸಿದರು, ಮತ್ತೆ ಅಲ್ಲೇ ಇಟ್ಟರು. ಹೊಸ ಹಡಗನ್ನು ದೊಡ್ಡದು ಮಾಡಲಿ ಎಂದರು.

"ದೊಡ್ಡದು ಮಾಡಿದರೆ ಇನ್ನೂ ನಾಲ್ಕು ತಂದು ತುಂಬಿಸ್ತಾರೆ. ನಿನಗೆ ಗೊತ್ತುಂಟು."

ಆಗ ಗೆಳೆಯ ಸಣ್ಣ ದನಿಯಲ್ಲಿ ಹೇಳಿದರು: "ಆ ದಿನ ನನ್ನ ಸರದಿ ನಿನಗೆ ಕೊಟ್ಟಿದ್ದೆ."

"ಹೌದು. ಇನ್ನು ಯಾರಿಗೂ ಹಾಗೆ ಕೊಡಬೇಕಾಗಿ ಬರಬಾರದು."

ಗೆಳೆಯ ಕೋಲು ತೆಗೆದುಕೊಂಡರು. ಬಾಯಮ್ಮ ಗೇಟಿನವರೆಗೆ ಹಿಂದೆಯೇ ಹೋಗಿ ಊಟ ಮಾಡಿ ಹೋಗಿ ಅಂತ ಕೈ ಹಿಡಿದರೂ ನಿಲ್ಲಲಿಲ್ಲ. ಆ ಮೀನನ್ನು ಬಾಯಮ್ಮ ಹಾಗೇ ಮುಚ್ಚಿಟ್ಟರು.

ದೊಡ್ಡದು ಬೇಡ ಅಂತಲೇ ಕಮಾಂಡರು ಬರೆದು ಕಳಿಸಿದರು. ನನಗೆ ತಡೆಯಲಿಲ್ಲ. ಜೀವ ಉಳಿಸಿದವರು, ಸ್ವಲ್ಪ ಮೆತ್ತಗೆ ಬರೆದಿದ್ದರೆ ನಿಮ್ಮ ಗಂಟು ಎಂತ ಹೋಗ್ತಿತ್ತು ಅಂತ ಮುಖಕ್ಕೇ ಕೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ.

"ಅದನ್ನು ಹಾರಿಸುವವರು ಈಗ ಎಲ್ಲೋ ಶಾಲೆಯಲ್ಲಿದ್ದಾರೆ ಮಾರಾಯ್ರೆ. ಅವರಿಗೆ ನಾನು ಎಂತ ಹೇಳುವುದು? ಗೆಳೆಯನ ಮುಖ ನೋಡಿದೆ ಅಂತವಾ?"

ನಾನು ಎಷ್ಟೋ ಜನರನ್ನು ನೋಡಿದ್ದೇನೆ. ತಮಗೆ ಆಗದವರ ಎದುರು ಸತ್ಯ ಹೇಳುವವರು ಬೇಕಾದಷ್ಟು ಸಿಗುತ್ತಾರೆ. ತಮಗೆ ಜೀವಕ್ಕೆ ಜೀವವಾದವರ ಎದುರು ಹೇಳಿದವರನ್ನು ನಾನು ನೋಡಿದ್ದು ಅವರೊಬ್ಬರನ್ನೇ. ಆವತ್ತಿನಿಂದ ಅವರ ಮೇಲೆ ನನಗಿದ್ದ ಕಿರಿಕಿರಿಯೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

ಹಾಗಂತ ಅವರು ಕಲ್ಲೇನಲ್ಲ. ಪ್ರತಿ ಕ್ರಿಸ್ಮಸ್ಸಿಗೆ ಬಾಯಮ್ಮ ಮಾಡಿದ ಕುಸ್ವಾರ್ ತಿಂಡಿಯಲ್ಲಿ ಗೆಳೆಯನಿಗೆ ಇಷ್ಟದ್ದನ್ನು ಆರಿಸಿ, ತಾವೇ ಡಬ್ಬಕ್ಕೆ ತುಂಬಿ ಗೋವಾಕ್ಕೆ ಕೊರಿಯರ್ ಮಾಡುತ್ತಿದ್ದರು. ಡಬ್ಬ ವಾಪಸು ಬರುತ್ತಿರಲಿಲ್ಲ, ಒಂದು ಫೋನೂ ಬರುತ್ತಿರಲಿಲ್ಲ. "ತಿಂದಿರಬೇಕು" ಎಂದು ನನ್ನ ಹತ್ತಿರ ಹೇಳುವಾಗ ಅವರ ಮುಖ... ಬೇಡ, ಅದನ್ನು ಬರೆಯಲು ನನಗೆ ಬರುವುದಿಲ್ಲ. ಅವರು ತೀರಿಕೊಂಡ ದಿನ ಗೋವಾಕ್ಕೆ ಸುದ್ದಿ ಮುಟ್ಟಿಸಿದ್ದು ನಾನೇ. ಪೆಟ್ಟಿಗೆ ಎತ್ತುವವರೆಗೂ ಬಾಯಮ್ಮ ಗೇಟಿನ ಕಡೆ ನೋಡುತ್ತಿದ್ದರು. ಗೆಳೆಯ ಬರಲಿಲ್ಲ.

ಈಚೆಗೆ ವಿಮಾನದ ಆಯ್ಕೆ ಆಯಿತೆಂದು ಸುದ್ದಿ ಬಂತು. ಆ ದೊಡ್ಡದಲ್ಲ. ಕಮಾಂಡರು ಬರೆದದ್ದರಿಂದಲೇ ಹೀಗಾಯಿತು ಅಂತ ನಾನು ಜಂಬ ಕೊಚ್ಚುವುದಿಲ್ಲ. ಅದನ್ನು ಯಾರಾದರೂ ಓದಿದರೋ ಇಲ್ಲವೋ ಯಾರಿಗೆ ಗೊತ್ತು! ಅವರು ಇದ್ದಿದ್ದರೆ ಗೋಡೆಯ ಈಚೆಯಿಂದಲೇ ಕೂಗಿ ಹೇಳುತ್ತಿದ್ದೆ. ಈಗ ಆ ಕಡೆ ಬಾಯಮ್ಮ ಒಬ್ಬರೇ.

ನಿನ್ನೆ ಬೆಳಿಗ್ಗೆ ಅವರ ಗೇಟಿನ ಎದುರು ಟ್ಯಾಕ್ಸಿ ನಿಂತಿತು. ಇಳಿದವರು ಆ ಗೆಳೆಯ. ತುಂಬ ಬಗ್ಗಿ ಹೋಗಿದ್ದರು. ಬಾಯಮ್ಮ ಒಂದು ಮಾತೂ ಎತ್ತಿ ಆಡದೆ, ಇವರನ್ನು ಸಿಮಿತ್ರಿಗೆ ಕರೆದುಕೊಂಡು ಹೋಗಿ ಬನ್ನಿ ಅಂತ ನನಗೆ ಹೇಳಿ ಒಳಗೆ ಅಡುಗೆಗೆ ಹೋದರು. ಕಮಾಂಡರರ ಸಮಾಧಿಯ ಎದುರು ಗೆಳೆಯ ಬಿಸಿಲಿನಲ್ಲೇ ನಿಂತಿದ್ದರು. ನೆರಳಿಗೆ ಬನ್ನಿ ಅಂದರೂ ಬರಲಿಲ್ಲ.

"ಇವನು ನನ್ನ ವಿಮಾನ ಬೇಡ ಅಂದ, ಅಷ್ಟೇ" ಅಂದರು ಕೊನೆಗೆ. "ನಾನು ಇವನನ್ನೇ ಬೇಡ ಅಂದೆ."

ಬಾಯಮ್ಮ ಊಟಕ್ಕೆ ಕಾಯ್ತಾ ಇರ್ತಾರೆ, ಬನ್ನಿ ಎಂದು ಅವರ ಕೈ ಹಿಡಿದುಕೊಂಡೆ.